ಆರನೇ ವರ್ಷದ ಹಲ್ಲು

ಶಾಲೆಯ ಗೋಡೆಗೆ ಒತ್ತಿ ವ್ಯಾನು ನಿಂತ ಕೂಡಲೇ ಮಕ್ಕಳು ಸಾಲುಗಟ್ಟಿದರು. ಚಿಕ್ಕಮ್ಮ ಪರದೆ ಸರಿಸಿ ಇಣುಕಿದಳು. ಆ ಹುಡುಗಿ ಇರಬಾರದಪ್ಪಾ ಎಂದುಕೊಂಡಳು. ಇದ್ದಳು. ಸಾಲಿನಲ್ಲಿ ನಾಲ್ಕನೆಯವಳು. ವರ್ಷದಲ್ಲಿ ಗೇಣುದ್ದ ಬೆಳೆದಿದ್ದಳು.

ಚಿಕ್ಕಮ್ಮ ಎಂದರೆ ಹತ್ತೂರಿನ ಮಕ್ಕಳಿಗೂ ಚಿಕ್ಕಮ್ಮ. ಹಲ್ಲಿನ ಡಾಕ್ಟರಾಗಿದ್ದ ಅವಳ ಅಕ್ಕ ಎಲ್ಲರಿಗೂ ದೊಡ್ಡಮ್ಮ. ಮೂವತ್ತು ವರ್ಷ ಇಬ್ಬರೂ ಇದೇ ವ್ಯಾನಿನಲ್ಲಿ ಶಾಲೆಯಿಂದ ಶಾಲೆಗೆ ಸುತ್ತಿ, ಬಿಡಿಗಾಸು ಮುಟ್ಟದೆ ಮಕ್ಕಳ ಹಲ್ಲು ನೋಡಿದ್ದರು. ಅಕ್ಕ ತಿರುಗಿ ನೋಡದೆ ಕೈ ಚಾಚುತ್ತಿದ್ದಳು, ಬೇಕಾದದ್ದು ಅಂಗೈಗೆ ಬಂದು ಕೂರುತ್ತಿತ್ತು. ಅವಳು ತೀರಿಕೊಂಡು ಎಂಟು ತಿಂಗಳು. ಈಗ ಆ ಸ್ಟೂಲಿನ ಮೇಲೆ ಅಕ್ಕನ ಮಗಳು. ಅವಳೂ ಹಲ್ಲಿನ ಡಾಕ್ಟರೇ. ಅಮ್ಮನ ಹೆಸರು ಉಳಿಸಬೇಕೆಂದು ಇದ್ದ ಕೆಲಸಕ್ಕೆ ಬೆನ್ನು ಹಾಕಿ ಬಂದವಳು.

"ಬಾ ಮಹಾರಾಣಿ, ಸಿಂಹಾಸನ ಏರು. ಎಲ್ಲಿ ನೋವು?"

ಹುಡುಗಿ ಕುರ್ಚಿ ಹತ್ತಿ ಬಲಗೆನ್ನೆ ಮುಟ್ಟಿ ತೋರಿಸಿದಳು. "ದೊಡ್ಡಮ್ಮ ಎಲ್ಲಿ?"

"ದೊಡ್ಡಮ್ಮ ತೀರಿಕೊಂಡ್ರು ಪುಟ್ಟಿ. ನಾನು ಅವರ ಮಗಳು."

ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಸುಳ್ಳು. ಅವರು ಎಷ್ಟು ದಪ್ಪ ಇದ್ರು!"

ಡಾಕ್ಟರು ನಕ್ಕಳು. ಬಲಗಡೆಯ ಹುಳುಕು ಕೊರೆದು, ತೂತು ತುಂಬಿ, ನೀಲಿ ಕಾಗದದ ಪಟ್ಟಿಯನ್ನು ಹಲ್ಲುಗಳ ನಡುವೆ ಇಟ್ಟಳು. "ಕಚ್ಚು." ಹಲ್ಲು ತಾಗಿದಲ್ಲೆಲ್ಲ ಕಾಗದದ ಬಣ್ಣ ಬಿಟ್ಟು ಚುಕ್ಕೆ ಮೂಡಿತು. "ಸರಿಯಾಗಿ ಕೂತಿದೆ. ಈಗ ಎಡಗಡೆ ನೋಡೋಣ."

ಚಿಕ್ಕಮ್ಮ ಕೈಯಲ್ಲಿದ್ದ ದೀಪವನ್ನು ಎಡಗಡೆಗೆ ತಿರುಗಿಸಿದಳು.

"ಅಯ್ಯೋ! ಆರನೇ ವರ್ಷದ ಹಲ್ಲೇ ಇಲ್ವಲ್ಲ. ಯಾವ ಕಟುಕ ಕೈ ಹಾಕಿದ್ದು ಇಲ್ಲಿ?"

ಹುಡುಗಿ ಬಾಯಿಂದ ಕನ್ನಡಿ ಸರಿಸಿದಳು. "ದೊಡ್ಡಮ್ಮ."

ಡಾಕ್ಟರು ಚಿಕ್ಕಮ್ಮನ ಕಡೆ ತಿರುಗಿದಳು.

"ಹೊಸದು ಬರುತ್ತೆ ಅಂತ ಚಿಕ್ಕಮ್ಮ ಹೇಳಿದ್ರು," ಎಂದಳು ಹುಡುಗಿ. "ಇನ್ನೂ ಬಂದಿಲ್ಲ. ನಾನು ಆ ಕಡೆ ಅಗಿಯೋದೇ ಇಲ್ಲ, ಮೊಳಕೆ ಮುರಿದು ಹೋದ್ರೆ?"

ಆರನೇ ವರ್ಷದ ಹಲ್ಲು ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಮೂಡುತ್ತದೆ. ಅದೂ ಹಾಲುಹಲ್ಲೇ ಎಂದು ತಾಯಂದಿರು ಉದಾಸೀನ ಮಾಡುತ್ತಾರೆ. "ಇದು ಹೋದ್ರೆ ಮತ್ತೆ ಬರೋದಲ್ಲ ಕಣಮ್ಮಾ, ಸಾಯೋವರೆಗೂ ಇರಬೇಕಾದ್ದು" ಎಂದು ಮೂವತ್ತು ವರ್ಷ ಗಂಟಲು ಹರಿದುಕೊಂಡವಳು ಅಕ್ಕ. ಕಳೆದ ವರ್ಷ ಇದೇ ಕುರ್ಚಿಯಲ್ಲಿ, ತುಂಬಿದ್ದರೆ ಸಾಕಾಗುತ್ತಿದ್ದ ಸಣ್ಣ ಹುಳುಕನ್ನು ನೋಡಿ, "ಹಾಲುಹಲ್ಲು, ಕಿತ್ತುಬಿಡೋಣ" ಎಂದವಳೂ ಅವಳೇ. ಅಕ್ಕ ಕೈ ಚಾಚಿದ್ದಳು. ಚಿಕ್ಕಮ್ಮ ಇಕ್ಕಳ ಕೊಟ್ಟಿದ್ದಳು. ಮೂವತ್ತು ವರ್ಷದ ಅಭ್ಯಾಸ, ಕೈ ಕೇಳಿತು, ಕೈ ಕೊಟ್ಟಿತು. ಹಲ್ಲು ತಟ್ಟೆಗೆ ಬಿದ್ದಾಗ ಕಂಡದ್ದು ಹಾಲುಹಲ್ಲಿಗಿಲ್ಲದಷ್ಟು ಉದ್ದನೆಯ ಎರಡು ಬೇರು. ಅದನ್ನು ಅಕ್ಕನ ಕಣ್ಣಿಗೆ ಬೀಳದಂತೆ ಹತ್ತಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. ಅಳುತ್ತಿದ್ದ ಹುಡುಗಿಗೆ, "ಬಂದೇ ಬರುತ್ತೆ ಚಿನ್ನ" ಎಂದಳು.

"ಅಮ್ಮನಿಗೆ ಗೊತ್ತಿತ್ತಾ?" ಡಾಕ್ಟರ ದನಿ ಕುಸಿದಿತ್ತು.

"ಗೊತ್ತಾಗೋಕೆ ನಾನು ಬಿಡಲಿಲ್ಲ."

"ಅದಾದ ಮೇಲೂ ಅವಳ ಕೈಲಿ ಕೆಲಸ ಮಾಡಿಸ್ದ್ಯಾ?"

"ಇಲ್ಲ ಕಣೇ. ಉಳಿದ ಮಕ್ಕಳನ್ನ ಆಗಲೇ ಕ್ಲಾಸಿಗೆ ಕಳಿಸ್ದೆ. ವ್ಯಾನು ಕೆಟ್ಟಿದೆ ಅಂದೆ."

ನಾಲ್ಕು ತಿಂಗಳು ಅಕ್ಕ ಬೆಳಗೆದ್ದು ಬಿಳಿ ಕೋಟು ತೊಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. "ವ್ಯಾನು ರಿಪೇರಿ ಆಯ್ತೇನೇ? ಮಕ್ಕಳು ಕಾಯ್ತಿರ್ತಾವೆ." "ನಾಳೆ ಆಗುತ್ತಕ್ಕಾ" ಎನ್ನುತ್ತಿದ್ದಳು ಚಿಕ್ಕಮ್ಮ. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ.

ಡಾಕ್ಟರು ಮುಖ ಆ ಕಡೆ ತಿರುಗಿಸಿದಳು. ಮಾಸ್ಕು ತೆಗೆಯಲಿಲ್ಲ. ಅದರ ಅಂಚು ಒದ್ದೆಯಾಗುತ್ತಿತ್ತು. ಹೊರಗೆ ಯಾರೋ ಹುಡುಗ, "ಚಿಕ್ಕಮ್ಮಾ, ಒಳಗೆ ನಿದ್ದೆ ಮಾಡ್ತಿದ್ದೀರಾ?" ಎಂದು ಕೂಗಿದ. ಸಾಲೆಲ್ಲ ನಕ್ಕಿತು.

ಚಿಕ್ಕಮ್ಮ ದೀಪ ಆರಿಸಿ ಕುರ್ಚಿಯ ಪಕ್ಕ ಮಂಡಿಯೂರಿದಳು. ಈಗಲೂ ಹೇಳಬಹುದಿತ್ತು, ಇನ್ನೊಂದು ವರ್ಷ ಕಾಯಿ ಅಂತ. ಅಕ್ಕನ ಹೆಸರು ಹಾಗೇ ಉಳಿಯುತ್ತಿತ್ತು. ಹುಡುಗಿ ಒಂದೇ ದವಡೆಯಲ್ಲಿ ಅಗಿಯುತ್ತ ಕಾಯುತ್ತಲೇ ಇರುತ್ತಿದ್ದಳು.

"ಪುಟ್ಟಿ, ಆ ಹಲ್ಲು ಬರಲ್ಲ. ಅದನ್ನ ಕೀಳಲೇಬಾರದಿತ್ತು. ದೊಡ್ಡಮ್ಮನಿಗೆ ಆಗ ಮರೆವು ಶುರುವಾಗಿತ್ತು, ತಪ್ಪಾಯ್ತು. ಗೊತ್ತಿದ್ದೂ ನಿನಗೆ ಸುಳ್ಳು ಹೇಳಿದ್ದು ನಾನು."

"ಯಾವತ್ತೂ ಬರಲ್ವಾ?"

"ಯಾವತ್ತೂ ಬರಲ್ಲ."

ಹುಡುಗಿ ಅಳಲಿಲ್ಲ. ನಾಲಿಗೆಯನ್ನು ಆ ಸಂದಿಗೆ ಕಳಿಸಿ ಬಹಳ ಹೊತ್ತು ತಡಕಾಡಿದಳು. ಎಡಗೆನ್ನೆ ಅಲ್ಲಲ್ಲಿ ಉಬ್ಬಿತು, ಇಳಿಯಿತು.

"ಆ ನೀಲಿ ಕಾಗದ ಈ ಕಡೆನೂ ಇಡಿ," ಎಂದಳು.

"ಅಲ್ಲೇನೂ ಇಲ್ಲ ಚಿನ್ನ..."

"ಇಡಿ."

ಡಾಕ್ಟರು ಕದಲಲಿಲ್ಲ. ಚಿಕ್ಕಮ್ಮನೇ ಒಂದು ತುಂಡು ಕತ್ತರಿಸಿ, ಹಲ್ಲಿಲ್ಲದ ಜಾಗದ ಮೇಲೆ ಇಟ್ಟಳು. ಹುಡುಗಿ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬುವಂತೆ ಕಚ್ಚಿದಳು. ಒಂದು ವರ್ಷದಲ್ಲಿ ಆ ಕಡೆ ಅವಳು ಕಚ್ಚಿದ್ದು ಅದೇ ಮೊದಲು.

ಚಿಕ್ಕಮ್ಮ ಕಾಗದವನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಚುಕ್ಕೆಯೂ ಮೂಡಿರಲಿಲ್ಲ. ಹುಡುಗಿ ಕಾಗದವನ್ನು ನೋಡಲಿಲ್ಲ. ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದಳು.