ಚಿಗುರಿನ ಕಾವಲು

ನೇತ್ರಾ ಗುಂಡಿಗೆ ಮೂರನೆಯ ಹಿಡಿ ಮಣ್ಣು ಹಾಕುವಾಗ ಹಿಂದೆ ನಿಂತಿದ್ದ ಬಾಳಪ್ಪ ಮೊಬೈಲ್ ತೆಗೆದು ನೋಡಿದ.

"ವೈನಿ, ಇವತ್ತ ರಾತ್ರಿ ಮೈನಸ್ ಮೂರಂತ," ಎಂದ ಮೆಲ್ಲಗೆ. "ಚಹಾದ ಚಿಗುರೆಲ್ಲಾ ಸುಟ್ಟ ಹೋಗತಾವು."

ಅವಳ ಗಂಡ ಚನ್ನಮಲ್ಲಪ್ಪ ಪೆಟ್ಟಿಗೆಯೊಳಗೆ ಮಲಗಿದ್ದ. ಊರಿನಲ್ಲಾಗಿದ್ದರೆ ಲಿಂಗಾಯತರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡುತ್ತಿದ್ದರು. ಇಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕು ಪರೀಕ್ಷಿಸುತ್ತ ವಯಸ್ಸು ಕಳೆದವನು, ನಿವೃತ್ತಿಯಾದದ್ದೇ ಪಾಳುಬಿದ್ದ ದ್ರಾಕ್ಷಿತೋಟದ ಇಳಿಜಾರನ್ನು ಬಾಡಿಗೆಗೆ ಹಿಡಿದು ಚಹಾ ನೆಟ್ಟಿದ್ದ. ಬಾಳಪ್ಪ ಅವನ ಜೊತೆ ಕೆಲಸ ಮಾಡಿದವನು.

*

ಕೆಲವು ವರ್ಷಗಳ ಹಿಂದಿನ ಏಪ್ರಿಲ್. ಗದಗಿನಲ್ಲಿ ತಂಗಿ ಸಾವಿತ್ರವ್ವನ ಮಗಳ ಮದುವೆ. ನೇತ್ರಾ ಬ್ಯಾಗು ತುಂಬಿಟ್ಟಿದ್ದಳು. ಆ ವರ್ಷ ಮಾರ್ಚ್‌ನಲ್ಲೇ ಬಿಸಿಲು ಕಾದು ಗಿಡಗಳು ಅವಸರದಿಂದ ಚಿಗುರಿದ್ದವು. ಹೊರಡುವ ಹಿಂದಿನ ದಿನ ಚಿಗುರು ಸುಡುವ ಬಡಗಣ ಗಾಳಿ ತಿರುಗಿತು.

ಚನ್ನಮಲ್ಲಪ್ಪ ಬೇಡ ಅನ್ನಲಿಲ್ಲ. ಕಿಟಕಿಯಲ್ಲಿ ನಿಂತು ಆಕಾಶ ನೋಡಿದ, ಅಷ್ಟೇ.

"ನೀ ಹೋಗಿ ಬಾ. ಗಿಡಕ್ಕ ಅರಿವಿ ನಾ ಒಬ್ಬನ ಹೊಚ್ಚತೀನಿ."

"ಅಷ್ಟುದ್ದ ಅರಿವಿ ಒಬ್ಬರ ಹೆಂಗ ಎಳೀತೀರಿ?" ಎಂದು ಕೇಳಿದವಳು ಅವಳೇ. ಕೇಳಿದ ಮೇಲೆ ಹೋಗುವುದಾಗಲಿಲ್ಲ.

ಆ ವರ್ಷದ ಮೊದಲ ಕೊಯ್ಲಿನ ಚಹಾ ಕಾಸಿ ಅವಳಿಗೇ ಮೊದಲು ತಂದುಕೊಟ್ಟ. ಹಾಲಿಲ್ಲ, ಸಕ್ಕರೆಯಿಲ್ಲ, ಹಸಿ ಹುಲ್ಲಿನ ವಾಸನೆ.

"ಹೆಂಗೈತಿ?"

ಅವನ ಮುಖ ನೋಡಿ, "ಚಲೋ ಐತಿ," ಎಂದಳು. ಮರುವರ್ಷ ಅವನು ಇನ್ನೂ ಎರಡು ಸಾಲು ನೆಟ್ಟ.

*

ಸ್ಮಶಾನದ ಗೇಟಿನ ಹತ್ತಿರ ನೇತ್ರಾ ನಿಂತುಬಿಟ್ಟಳು.

"ಬಾಳಪ್ಪಾ, ನಾ ಊರಿಗೆ ಹೋಗಾಕಿ. ತಂಗಿಗೆ ಹೇಳೇನಿ. ತೋಟಾ ಸಾಕಾತು."

ಬಾಳಪ್ಪನ ಕಣ್ಣು ತುಂಬಿತು. "ದುಃಖದಾಗ ಹಂಗ ಅನಸತೈತ್ರಿ ವೈನಿ. ಗ್ರಾಬ್‌ಫ್ಲೇಗ, ಗೋರಿ ನೋಡಿಕೊಳ್ಳೂದು, ಯಾರ ಮಾಡೋರು? ಸಮಾಧಿಗೆ ನೀರ ಹಾಕಾಕರ ನೀವು ಬೇಕಲ್ಲ. ತೋಟಕ್ಕ ನಾವೆಲ್ಲಾ ಇದ್ದೀವಿ. ಅಣ್ಣಾವರ ಗಿಡಾ ಸಾಯಾಕ ಬಿಡಾಂಗಿಲ್ಲ."

ಮಗ ಸಂತೋಷಕುಮಾರ ಅವಳ ತೋಳು ಹಿಡಿದುಕೊಂಡ. "ಅವ್ವಾ, ಪ್ಲೀಸ್. ಇಟ್ಸ್ ಆಲ್ ವಿ ಹ್ಯಾವ್ ಆಫ್ ಹಿಮ್." ಅವನ ದನಿ ಒಡೆದಿತ್ತು. ಅವಳು ಗೇಟು ದಾಟಿ ಅವರ ಕಾರು ಹತ್ತಿದಳು.

ಹೊತ್ತು ಮುಳುಗುವ ಮೊದಲೇ ಮಣ್ಣಿಗೆ ಬಂದವರೆಲ್ಲ ಅದೇ ಬಟ್ಟೆಯಲ್ಲಿ ಇಳಿಜಾರು ಹತ್ತಿದರು. ಬಿಳಿ ಅರಿವೆಯ ಸುರುಳಿ ಬಿಚ್ಚಿ ಸಾಲಿನಿಂದ ಸಾಲಿಗೆ ಎಳೆದರು. ಒಂದು ಕಡೆ ಟೊಂಗೆಗೆ ಸಿಕ್ಕಿಕೊಂಡದ್ದನ್ನು ಬಿಡಿಸಲು ನೇತ್ರಾ ಸಾಲುಗಳ ನಡುವೆ ಇಳಿದಳು. ಬಿಡಿಸಿ ತಲೆ ಎತ್ತುವಷ್ಟರಲ್ಲಿ ಸಾಲಿನ ಎರಡೂ ತುದಿಯಲ್ಲಿ ಅರಿವೆಯ ಅಂಚಿಗೆ ಕಲ್ಲು ಹೇರಿಯಾಗಿತ್ತು.

"ವೈನಿ, ಒಂದೀಟು ಎತ್ತಿ ಹಿಡೀರಿ!" ಕೆಳಗಿನಿಂದ ಬಾಳಪ್ಪ ಕೂಗಿದ.

ಅವಳು ಎರಡೂ ಕೈ ಮೇಲೆತ್ತಿದಳು. ಗಾಳಿ ತುಂಬಿಕೊಂಡ ಅರಿವೆ ಅವಳ ತಲೆಯ ಮೇಲಿಂದ ನಿಧಾನಕ್ಕೆ ಆಚೆ ಸಾಲಿಗೆ ಇಳಿಯಿತು; ಅವಳು ಅದರೊಳಗೇ ಉಳಿದಳು.