ಊರಿನವರಿಗೆ ರೂಮಿಲ್ಲ

ಮೂವತ್ತೊಂದು ವರ್ಷ ಮಂದಿಗೆ ರೂಮು ಕೊಟ್ಟ ಮಜೀದ ತನಗಾಗಿ ಒಂದು ದಿನವೂ ರೂಮು ತೆಗೆದುಕೊಂಡವನಲ್ಲ. ಗೋವಾದ ಮಡಗಾಂವ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಅವನದು ಕೌಂಟರಿನ ಕೆಲಸ. ಮಲಗುತ್ತಿದ್ದದ್ದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಅದಕ್ಕೆ ನಂಬರೂ ಇರಲಿಲ್ಲ, ಬೆಲ್ಲೂ ಇರಲಿಲ್ಲ.

ಈ ಬೆಲ್ಲಿನ ಸಂಗತಿ ಸ್ವಲ್ಪ ಹೇಳಬೇಕು. ಕೌಂಟರಿನ ಹಿಂದೆ ಒಂದು ಹಲಗೆ, ಅದರಲ್ಲಿ ಇಪ್ಪತ್ತೆರಡು ರೂಮಿಗೆ ಇಪ್ಪತ್ತೆರಡು ಕೆಂಪು ದೀಪ. ಯಾರಾದರೂ ಗುಂಡಿ ಒತ್ತಿದರೆ ಕರ್‍ರ್ ಎಂದು ಸದ್ದಾಗಿ ಆ ರೂಮಿನ ದೀಪ ಹತ್ತುತ್ತಿತ್ತು. ಬಿಸಿನೀರು ಕೇಳುವವರು, ಚಹಾ ಕೇಳುವವರು, ಸೊಳ್ಳೆಬತ್ತಿ ಕೇಳುವವರು ಇರಲಿ, ಅದಕ್ಕೇ ಅಲ್ಲವೇ ಬೆಲ್ಲು ಇರುವುದು. ಆದರೆ ಕೆಲವರಿದ್ದರು ನೋಡಿ, ಇವನು ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಾಗಿಲು ಬಡಿದರೆ ಅರ್ಧ ತೆರೆದು "ಏನಿಲ್ಲ, ಸುಮ್ಮನೆ" ಅನ್ನುವರು! ಹೆಚ್ಚಾಗಿ ವಯಸ್ಸಾದ ಒಂಟಿ ಗಂಡಸರು. ಅಂಥವರನ್ನು ಕಂಡರೆ ಮಜೀದನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾಡಲು ಕೆಲಸವಿಲ್ಲದ ಮುದುಕರು ಎಂದು ಕೆಳಗಿಳಿಯುವವರೆಗೂ ಬೈಯುತ್ತಿದ್ದ.

ಈ ವರ್ಷ ಹೋಟೆಲು ಕೈ ಬದಲಾಯಿತು. ಹೊಸ ಮಾಲೀಕರು ಕಂಪ್ಯೂಟರು ತಂದರು, ಮೆಟ್ಟಿಲ ಕೆಳಗಿನ ಕೋಣೆಯನ್ನು ಹಾಸಿಗೆ ಚಾದರ ಇಡಲು ತೆಗೆದುಕೊಂಡರು, "ಮಜೀದಭಾಯ್, ಇನ್ನು ಆರಾಮಾಗಿರಿ" ಎಂದು ಹಾರ ಹಾಕಿ ಕಳಿಸಿದರು. ಅರವತ್ತೆರಡು ವಯಸ್ಸು, ಮದುವೆಯಿಲ್ಲ, ಒಂದು ಸೂಟ್‌ಕೇಸು. ಆರಾಮಾಗಿ ಎಲ್ಲಿರಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಮಜೀದನಿಗೆ ಅದು ಗೊತ್ತಿತ್ತು. ಬೆಳಗಾವಿ. ಹುಟ್ಟಿದ್ದು, ಬೆಳೆದದ್ದು, ಮೊದಲ ಸಲ ಚಪ್ಪಲಿ ಕಳೆದುಕೊಂಡು ಏಟು ತಿಂದದ್ದು ದರ್ಬಾರ ಗಲ್ಲಿಯಲ್ಲಿ. ಅಲ್ಲೇ ಎಲ್ಲಾದರೂ ಒಂದು ಬಾಡಿಗೆ ಕೋಣೆ ಹುಡುಕಿ, ಉಳಿದಷ್ಟು ದಿನ ಊರಿನವನಾಗಿ ಇದ್ದುಬಿಡಬೇಕು. ಹುಡುಕಲು ನಾಲ್ಕು ದಿನ ಬೇಕು, ಆ ನಾಲ್ಕು ದಿನ ಲಾಡ್ಜು. ಖರೇ ಹೇಳಬೇಕೆಂದರೆ, ಲಾಡ್ಜಿನ ಯೋಚನೆಗೇ ಅವನು ಒಳಗೊಳಗೆ ಕುಣಿದಾಡಿದ್ದ. ಜೀವನದಲ್ಲಿ ಮೊದಲ ಸಲ ಗಿರಾಕಿಯಾಗುವುದು! ಯಾರೋ ತನ್ನ ಕೈಗೆ ಕೀಲಿ ಕೊಡುವುದು, ತಾನು ಬೆಲ್ಲು ಒತ್ತುವುದು, ಯಾರೋ "ಏನ್ ಬೇಕ್ರಿ?" ಎಂದು ಕೇಳುವುದು.

ಊರಿನಲ್ಲಿ ಅವನಿಗೆ ಯಾರೂ ಇರಲಿಲ್ಲವೆಂದಲ್ಲ. ತೀರಿಹೋದ ಅಣ್ಣನ ಮಗ ಮುದಸ್ಸರ ಇದ್ದ. ತಾಯಿ ಫಕ್ರುನ್ನಿಸಾ ಕಣ್ಣು ಮುಚ್ಚಿದ ಮೇಲೆ ದರ್ಬಾರ ಗಲ್ಲಿಯ ಮನೆ ಮಾರುವ ಮಾತು ಬಂದಾಗ ಮಜೀದ ಕೇಳಿದ ಕಡೆಯೆಲ್ಲ ಸಹಿ ಹಾಕಿಕೊಟ್ಟಿದ್ದ. ಮುದಸ್ಸರ ಹೆಂಡತಿ ಅಲಿಶಾಳಿಗೂ ಮಕ್ಕಳಿಗೂ ಎಂದು ರಾಮತೀರ್ಥ ನಗರದಲ್ಲಿ ಚೆಂದದ ಮನೆ ಕಟ್ಟಿದ. ಹಳೆಯ ಮನೆ ಬಿದ್ದು ಅಲ್ಲಿ ಬಟ್ಟೆ ಅಂಗಡಿ ಎದ್ದಿತು. ಮಜೀದನ ಆಧಾರ್ ಕಾರ್ಡಿನಲ್ಲಿ ಮಾತ್ರ ಆ ಮನೆ ಹಾಗೇ ಉಳಿಯಿತು. "ನಿನ್ನ ಹೆಸರರ ಈ ಮನ್ಯಾಗ ಇರ್ಲಿ" ಎಂದು ತಾಯಿ ಹೇಳಿದ್ದಳು, ಅವನು ಬದಲಿಸಲಿಲ್ಲ.

ಹೊರಡುವ ಮುನ್ನ ಮುದಸ್ಸರನಿಗೆ ಫೋನು ಮಾಡಿದ್ದ. "ಬರ್ರಿ ಚಾಚಾ, ಅಗದೀ ಛಲೋ ಆತು, ಊಟಕ್ಕ ಬರ್ರಿ" ಎಂದಿದ್ದ ಮುದಸ್ಸರ. ಊಟಕ್ಕೆ ಬನ್ನಿ ಎಂದ, ಇರಲು ಬನ್ನಿ ಎನ್ನಲಿಲ್ಲ. ಮರೆತಿರಬೇಕು, ಹುಡುಗರಿಗೆ ನೂರೆಂಟು ಕೆಲಸ ಎಂದು ಮಜೀದ ತಾನೇ ಸಮಾಧಾನ ಹೇಳಿಕೊಂಡ. ಎದುರಿಗೆ ಕಂಡರೆ ಅಂದೇ ಅನ್ನುತ್ತಾನೆ ಎಂಬ ಆಸೆಯೂ ಇತ್ತು.

ರೈಲಿಳಿದು ಮೂರು ಲಾಡ್ಜು ನೋಡಿದ. ನೋಡಿದ ಎಂದರೆ ಸಾಮಾನ್ಯ ನೋಟವಲ್ಲ. ಗಾದಿಯ ಮೂಲೆ ಎತ್ತಿ ತಿಗಣೆ ಹುಡುಕಿದ, ನಲ್ಲಿ ತಿರುಗಿಸಿ ನೀರಿನ ಬಣ್ಣ ನೋಡಿದ, ಚಿಲಕ ಹಾಕಿ ತೆಗೆದ, ಚಾದರ ಮೂಸಿದ. ಮೊದಲನೆಯದರಲ್ಲಿ ಬಚ್ಚಲು ನಾರುತ್ತಿತ್ತು. ಎರಡನೆಯದರ ಚಾದರ ನಿನ್ನೆಯದು, ಅವನನ್ನು ಏಮಾರಿಸಲಾದೀತೇ! ಬಸ್ ಸ್ಟ್ಯಾಂಡಿನ ಕಡೆಗಿದ್ದ ಮೂರನೆಯದು ಮನಸ್ಸಿಗೆ ಬಂತು. ಮೇಲಿನ ಮಹಡಿ, ಕಿಟಕಿಯಿಂದ ಕೋಟೆಯ ಕಲ್ಲುಗೋಡೆಯೂ ಕೆರೆಯ ಒಂದು ತುಂಡೂ ಕಾಣುತ್ತಿದ್ದವು. ಹಾಸಿಗೆಯ ಪಕ್ಕದಲ್ಲೇ ಬೆಲ್ಲಿನ ಗುಂಡಿ. ಮಜೀದನ ಬೆರಳು ಅದರ ಮೇಲೆ ಹೋಯಿತು. ತಡಿ, ಮೊದಲು ಕೀಲಿ ಕೈಗೆ ಬರಲಿ ಎಂದು ಹಿಂದೆ ಎಳೆದುಕೊಂಡ.

ಕೌಂಟರಿನಲ್ಲಿದ್ದ ನಾಗಲಿಂಗ ನಲವತ್ತರ ಆಸುಪಾಸಿನ, ಮಾತು ಮೆತ್ತಗಿನ ಮನುಷ್ಯ. ಆಧಾರ್ ಕಾರ್ಡು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದ.

"ಸಾಹೇಬ್ರ, ಇದು ಇದ ಊರಿನ ಆಧಾರ ಐತಲ್ರಿ."

"ಹೌದ್ರಿ, ನಮ್ಮ ಊರ ಇದು." ಮಜೀದ ಹೆಮ್ಮೆಯಿಂದಲೇ ಹೇಳಿದ.

"ಲೋಕಲ್ ಮಂದಿಗೆ ರೂಮ್ ಕೊಡಾಕ ಬರಂಗಿಲ್ರಿ. ಮಾಲಕರ ಆರ್ಡರ್. ತಪ್ಪ ತಿಳ್ಕೋಬ್ಯಾಡ್ರಿ."

ಅಯ್ಯೋ, ಎಂಥ ಮಾತದು! ತಪ್ಪು ತಿಳಿಯುವುದೇನು ಬಂತು? ಇದೇ ಮಾತನ್ನು, ಇದೇ ಮೆತ್ತಗಿನ ದನಿಯಲ್ಲಿ, ಮಡಗಾಂವದವರಿಗೆ ಅವನೇ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಊರಲ್ಲಿ ಮನೆ ಇಟ್ಟುಕೊಂಡು ಲಾಡ್ಜಿಗೆ ಬರುವವರು ಇಸ್ಪೀಟಿಗೆ ಬರುತ್ತಾರೆ, ಕುಡಿಯಲು ಬರುತ್ತಾರೆ, ಇಲ್ಲವೇ ಇನ್ನೊಂದಕ್ಕೆ. ಇವ್ಯಾವುವೂ ಅಲ್ಲದೆ, ವಯಸ್ಸಾದವನು, ಒಬ್ಬನೇ, ಒಂದೇ ಪೆಟ್ಟಿಗೆ ಹಿಡಿದು ಬಂದರೆ ಅವನನ್ನಂತೂ ಮೆಟ್ಟಿಲು ಹತ್ತಿಸಲೇಬಾರದು. ಬೆಳಿಗ್ಗೆ ಬಾಗಿಲು ಒಡೆಯುವ ಪ್ರಸಂಗ ಬಂದೀತು. ನಾಗಲಿಂಗನ ಕಣ್ಣು ಒಮ್ಮೆ ಮೇಲಿನ ಫ್ಯಾನಿನ ಕಡೆ ಹೋಗಿ ಬಂದದ್ದನ್ನು ಮಜೀದ ಕಂಡ. ಆ ನೋಟದ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಆ ಮನಿ ಈಗ ಇಲ್ರಿ. ಬಿದ್ದ ಹೋಗೇತಿ" ಎಂದ.

"ಮತ್ತ ಆಧಾರದಾಗ ಯಾಕ ಐತ್ರಿ?"

ಅದಕ್ಕೆ ಮಜೀದ ಏನು ಹೇಳಬೇಕು? ತಾಯಿಯ ಮಾತನ್ನು ಲಾಡ್ಜಿನ ಕೌಂಟರಿನಲ್ಲಿ ಹೇಳುವುದೆಂತು? ಅವನು ಕಾರ್ಡಿಗಾಗಿ ಕೈ ಚಾಚಿದ. ನಾಗಲಿಂಗನಿಗೂ ಕೆಡುಕೆನಿಸಿರಬೇಕು. "ಊರಾಗ ನಿಮ್ಮ ಪೈಕಿ ಯಾರರ ಇದ್ರ ಒಂದ್ ಮಾತ ಹೇಳಸ್ರಿ, ನೋಡೂಣು" ಎಂದ.

ಮಜೀದ ಮುದಸ್ಸರನಿಗೆ ಫೋನು ಹಚ್ಚಿದ. ರಿಂಗಾಗುವಾಗ ಅವನು ಕಾದದ್ದು ರೂಮಿಗಾಗಿ ಅಲ್ಲ. ಈಗ ಹೇಳುತ್ತಾನೆ, ಲಾಡ್ಜು ಯಾಕೆ ಚಾಚಾ, ಮನೆ ಇಲ್ಲವೇ ಎಂದು ಹೇಳಿಯೇ ಹೇಳುತ್ತಾನೆ.

ಮನೆಯಲ್ಲಿ ಉರ್ದು ಆಡುವ ಹುಡುಗ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿದ, ಆಫೀಸಿನಲ್ಲಿದ್ದನೆಂದು ಕಾಣುತ್ತದೆ. ಎಲ್ಲವನ್ನೂ ಕೇಳಿಸಿಕೊಂಡು, "ಇಷ್ಟ ಏನು? ಅವರ ಕೈಯಾಗ ಫೋನ್ ಕೊಡ್ರಿ ಚಾಚಾ, ನಾ ಹೇಳ್ತೀನಿ" ಎಂದ.

ಮಜೀದ ಫೋನು ಕೊಟ್ಟ. ಮುದಸ್ಸರನ ದನಿ ಕೌಂಟರಿನ ಈಚೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. "ಭಾಳ ಛಲೋ ಮನಷ್ಯಾ ಅದಾರ್ರಿ ಅವರು. ಏನೂ ತ್ರಾಸ ಕೊಡಂಗಿಲ್ಲ. ಒಂದ್ ರೂಮ್ ಕೊಟ್ಟಬಿಡ್ರಿ, ನನ್ನ ಜವಾಬ್ದಾರಿ."

ನಾಗಲಿಂಗ ಮಜೀದನನ್ನು ನೋಡಿದ. ಆಮೇಲೆ ಫೋನಿನಲ್ಲಿ, "ನಿಮಗೇನ್ ಆಗ್ಬೇಕ್ರಿ ಇವರು?" ಎಂದ.

"ನಮ್ಮ ಚಾಚಾರಿ. ತಂದಿ ತಮ್ಮ."

"ಮತ್ತ ಊರಾಗ ನಿಮ್ಮ ಮನಿ ಐತಲ್ರಿ, ಮನಿಗೆ ಕರಕೊಂಡ ಹೋಗ್ರಲಾ?"

"ಫೋನ್ ಚಾಚಾರ ಕೈಯಾಗ ಕೊಡ್ರಿ" ಎಂದಿತು ಆ ದನಿ. ನಾಗಲಿಂಗ ಮುಖ ಬೇರೆ ಕಡೆ ತಿರುಗಿಸಿ ಫೋನು ವಾಪಸು ಕೊಟ್ಟ.

"ಚಾಚಾ," ಎಂದ ಮುದಸ್ಸರ, "ಅಲಿಶಾನ ತಾಯಿ ಬಂದಾರ... ಹುಡುಗೂರದು ಪರೀಕ್ಷಾ ಐತಿ... ನಾಳೆ ಮಧ್ಯಾಹ್ನ ಊಟಕ್ಕ ತಪ್ಪಸಬ್ಯಾಡ್ರಿ, ಬಿರ್ಯಾನಿ ಮಾಡಸ್ತೀನಿ."

"ಆಗ್ಲಿ ಬೇಟಾ" ಎಂದು ಮಜೀದ ಫೋನು ಇಟ್ಟ. ನಾಚಿಕೆಯಾಯಿತು ಅವನಿಗೆ, ತಾನೇ ಏನೋ ಕದ್ದು ಸಿಕ್ಕಿಬಿದ್ದಂತೆ.

ನಾಗಲಿಂಗ ಲೆಡ್ಜರು ತನ್ನ ಕಡೆ ಎಳೆದುಕೊಂಡ. "ಬರ್ರಿ ಸಾಹೇಬ್ರ, ನಾ ಮಾಲಕರಿಗೆ ಏನರ ಹೇಳ್ತೀನಿ. ಒಂದ್ ದಿನಕ್ಕ ಕೊಡ್ತೀನಿ" ಎಂದ.

ಕೊಡಲಿ ಎಂದು ತೆಗೆದುಕೊಳ್ಳಬಹುದಿತ್ತು. ಆದರೆ ಮಜೀದನಿಗೆ ಆ ಕೌಂಟರಿನ ಮುಂದೆ ಇನ್ನೊಂದು ನಿಮಿಷ ನಿಲ್ಲಲಾಗಲಿಲ್ಲ. "ಬ್ಯಾಡ್ರಿ. ನಿಮ್ಮ ಕೆಲಸಕ್ಕ ಸಂಚಕಾರ ಬರಬಾರದು. ಈ ಕೆಲಸ ನನಗೂ ಗೊತ್ತೈತಿ" ಎಂದು ಪೆಟ್ಟಿಗೆ ಎತ್ತಿಕೊಂಡ. ಬಾಗಿಲವರೆಗೆ ಬಂದ ನಾಗಲಿಂಗ, "ಖಾನಾಪುರದಾಗ ನೋಡ್ರಿ. ಬ್ಯಾರೆ ತಾಲೂಕು, ಅಲ್ಲಿ ನೀವು ಪರಊರಿನವರ ಆಗ್ತೀರಿ" ಎಂದ. ಪುಣ್ಯಾತ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಆದರೂ ಅದು ಚುಚ್ಚಿತು.

ಖಾನಾಪುರದ ಬಸ್ಸು ಮಜೀದನನ್ನು ಒಂದು ತಾಸಿನೊಳಗೆ ಪರಊರಿನವನನ್ನಾಗಿ ಮಾಡಿತು. ಮಲಪ್ರಭೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಸ್ಟ್ಯಾಂಡಿನಲ್ಲಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ವಿಚಾರಿಸಿದಾಗ ಕಾಂತಾಬಾಯಿಯ ಖಾನಾವಳಿಯ ಮೇಲೆ ಮೂರು ರೂಮುಗಳಿವೆ ಎಂದರು, ತಾಲೂಕು ಕಚೇರಿ ಕೆಲಸಕ್ಕೆ ಬಂದು ಸಿಕ್ಕಿಕೊಂಡವರು ಉಳಿಯುವುದು ಅಲ್ಲೇ ಅಂತೆ. ಈ ಸಲ ಅವನು ಗಾದಿ ಎತ್ತಿ ನೋಡಲಿಲ್ಲ, ಚಾದರ ಮೂಸಲಿಲ್ಲ.

ಕಾಂತಾ ಐವತ್ತು ದಾಟಿದ ದಪ್ಪನೆಯ ಹೆಂಗಸು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ರಿಜಿಸ್ಟರು ಮುಂದಿಟ್ಟಳು. "ನೀವ ಬರೀರಿ ಕಾಕಾ, ನನ್ನ ಅಕ್ಷರ ನನಗ ತಿಳಿಯಂಗಿಲ್ಲ."

ರಿಜಿಸ್ಟರಿನ ಅಂಕಣಗಳೆಲ್ಲ ಅವನಿಗೆ ಬಾಯಿಪಾಠ. ಹೆಸರು ಬರೆದ. ಖಾಯಂ ವಿಳಾಸ: ದರ್ಬಾರ ಗಲ್ಲಿ, ಬೆಳಗಾವಿ. ಎಲ್ಲಿಂದ ಬಂದಿರಿ: ಬೆಳಗಾವಿ. ಮುಂದೆ ಹೋಗುವ ಊರು ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಸ್ವಲ್ಪ ಹೊತ್ತು ನೋಡಿ ಅಲ್ಲೂ ಬೆಳಗಾವಿ ಎಂದೇ ಬರೆದ. ಬೇರೆ ಯಾವ ಊರೂ ನೆನಪಾಗಲಿಲ್ಲ.

ಕಾಂತಾ ಓದಿ ನಕ್ಕಳು. "ಅಲ್ರೀ ಕಾಕಾ, ಬೆಳಗಾವಿಂದ ಬಂದು ಬೆಳಗಾವಿಗೆ ಹೋಗಾಕ ಇಲ್ಲಿ ಯಾಕ ಮಲಗ್ತೀರಿ? ಮನ್ಯಾಗ ಜಗಳ ಮಾಡ್ಕೊಂಡ ಬಂದೀರೇನು?"

"ಜಗಳ ಮಾಡಾಕರ ಯಾರರ ಬೇಕಲ್ರೀ ಅಕ್ಕಾರ" ಎಂದ ಮಜೀದ. ನಗುತ್ತಲೇ ಹೇಳಬೇಕೆಂದಿದ್ದ, ನಗು ಬರಲಿಲ್ಲ.

ಕಾಂತಾ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು. "ಎರಡನೇ ರೂಮು. ಏನರ ಬೇಕಾದ್ರ ಬೆಲ್ ಒತ್ರಿ. ಮೊಣಕಾಲ ನೋಯ್ತಾವ, ಮ್ಯಾಲ ಹತ್ತಂಗಿಲ್ಲ, ಕೆಳಗಿಂದನ ಕೇಳ್ತೀನಿ."

ರೂಮು ಚಿಕ್ಕದು, ಚೊಕ್ಕವಾಗಿತ್ತು. ಮಜೀದ ಪೆಟ್ಟಿಗೆ ಇಟ್ಟ, ಕೈಕಾಲು ತೊಳೆದು ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತ. ಕುಳಿತು ಏನು ಮಾಡುವುದು? ಟೇಬಲ್ಲಿನ ಮೇಲೆ ತಂಬಿಗೆಯ ತುಂಬ ನೀರಿತ್ತು. ಟವೆಲ್ಲಿತ್ತು. ಸೊಳ್ಳೆಬತ್ತಿಯೂ ಇತ್ತು. ಕೆಳಗೆ ಕಾಂತಾ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಯಾರೋ ಯಾರನ್ನೋ ಹೆಸರು ಹಿಡಿದು ಕೂಗಿದರು, ಆ ಯಾರೋ ಓಗೊಟ್ಟರು. ಅವನ ಹೆಸರು ಹಿಡಿದು ಕರೆಯುವವರು ಆ ಊರಿನಲ್ಲಿ ಯಾರೂ ಇರಲಿಲ್ಲ, ಬೆಳಗಾವಿಯಲ್ಲೂ ಇರಲಿಲ್ಲ.

ಅವನ ಕೈ ತಾನೇ ಗೋಡೆಯ ಕಡೆ ಹೋಗಿ ಬೆಲ್ಲು ಒತ್ತಿತು. ಕೆಳಗೆ ಕರ್‍ರ್ ಎಂದಿತು. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಏನ್ ಬೇಕ್ರೀ ಕಾಕಾ?"

ಮಜೀದ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತ. ನೀರು ಎನ್ನೋಣವೆಂದರೆ ನೀರಿತ್ತು. ಚಹಾ ಎನ್ನಬಹುದಿತ್ತು, ಹೊಳೆಯಲಿಲ್ಲ. ಮಡಗಾಂವದ ಆ ಮುದುಕರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಮೂರನೇ ಮಹಡಿಯ ಬಾಗಿಲಿನ ಹಿಂದೆ ನಿಂತು, ತನ್ನ ಸಿಟ್ಟಿನ ಮುಖವನ್ನೇ ಅಷ್ಟು ಆಸೆಯಿಂದ ನೋಡುತ್ತಿದ್ದವರು.

"ಏನಿಲ್ರೀ ಅಕ್ಕಾರ," ಎಂದ, "ಸುಮ್ನ."

ಬೈಯುತ್ತಾಳೆ, ಬೈಯಲೇಬೇಕು ಎಂದು ಕಾದ.

"ಇರ್ಲಿ ಬಿಡ್ರಿ," ಎಂದಳು ಕಾಂತಾ ಕೆಳಗಿನಿಂದ, "ಬೇಕನಿಸಿದ್ರ ಮತ್ತ ಒತ್ರಿ."

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಮಜೀದ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಳಿತು, ಕೆಳಗೆ ಕೇಳದ ಹಾಗೆ ಅತ್ತ.