ಆತಿಜಾಳ ಕಾಲಿನ ಕಬ್ಬಿಣ

ನಾನು ಒಂದು ಕುಡಗೋಲು. ಆದರೆ ಹುಟ್ಟಿದ್ದು ಕಾಲ್ಬೇಡಿಯಾಗಿ, ಲಿಸ್ಬನ್ನಿನ ಕುಲುಮೆಯೊಂದರಲ್ಲಿ. ಮೈಮೇಲೆ ಪೋರ್ಚುಗಲ್ ದೊರೆಯ ಕಿರೀಟದ ಮುದ್ರೆ ಒತ್ತಿ, ನನ್ನಂಥವರನ್ನು ಪೀಪಾಯಿಗಳಲ್ಲಿ ತುಂಬಿ ಹಡಗೇರಿಸಿದರು.

ಮೊಜಾಂಬಿಕ್ ದಡದಲ್ಲಿ ನನ್ನನ್ನು ಆತಿಜಾ ಎಂಬ ಹೆಣ್ಣಿನ ಕಾಲಿಗೆ ತೊಡಿಸಿ ಕೀಲು ಬಡಿದರು. ಅವಳ ತಾಯಿಯನ್ನು ಬೇರೆ ಹಡಗಿಗೆ ಎಳೆದೊಯ್ದರು. ಅಂದು ಅವಳು ಒದ್ದಾಡಿದ ರಭಸಕ್ಕೆ ನನ್ನ ಅಂಚು ಮೂಳೆಯವರೆಗೆ ಇಳಿಯಿತು.

ಗೋವೆಯಲ್ಲಿ ಪಾದ್ರಿಯೊಬ್ಬ ನೀರು ಚಿಮುಕಿಸಿ ಅವಳಿಗೆ ಜುಲಿಯಾನಾ ಎಂದು ಹೆಸರಿಟ್ಟ. ಸರ್ಕಾರಿ ಅಧಿಕಾರಿಯೊಬ್ಬ ಅವಳನ್ನು ಕೊಂಡುಕೊಂಡ. ಅವನ ಬೂಟು, ಅವನ ಹೆಂಡತಿಯ ಜರಿ ಚಪ್ಪಲಿ, ನೆಲ ಸವರುವ ಚಾಟಿಯ ತುದಿ: ಒಡೆಯರೆಂದರೆ ನಾನು ಕಂಡದ್ದು ಇಷ್ಟೇ.

ಬಟ್ಟೆ ಒಗೆಯಲು ಹೊಳೆಗೆ ಹೋದ ಒಂದು ಬೆಳಿಗ್ಗೆ ಆತಿಜಾ ಮನೆಗೆ ಮರಳಲಿಲ್ಲ. ಘಟ್ಟ ಹತ್ತಿದಳು. ಕಲ್ಲಿಗೆ ತಾಗಿ ನಾನು ಖಣಖಣ ಎನ್ನುತ್ತಿದ್ದೆ. ಉಟ್ಟ ಬಟ್ಟೆ ಹರಿದು ನನಗೆ ಸುತ್ತಿದಳು. ಹಿಂದೆ ಒಡೆಯನ ಸವಾರರಿದ್ದರು.

ಘಟ್ಟದ ಮೇಲೆ, ಹಳಿಯಾಳದ ಕಡೆಯ ಹಳ್ಳಿಯಲ್ಲಿ, ಕಮ್ಮಾರ ಮಾನಪ್ಪನ ಕುಲುಮೆ ಉರಿಯುತ್ತಿತ್ತು. ಅವಳು ಬಾಗಿಲಲ್ಲಿ ಕುಸಿದು, ಕಾಲು ಮುಂದೆ ಚಾಚಿದಳು.

"ಅಂಜಬ್ಯಾಡ ತಂಗೀ, ಕಾಲು ಇಲ್ಲಿಡು," ಎಂದು ಮಾನಪ್ಪ ಕೀಲಿಗೆ ಉಳಿ ಇಟ್ಟ.

"ಲಗೂ ಮಾಡ್ರೀ, ಕುದುರಿ ಸಪ್ಪಳ ಕೇಳಾಕತ್ತೈತಿ!" ಎಂದಳು ಹೆಂಡತಿ ಗಂಗವ್ವ.

ಕೀಲು ಮುರಿಯಿತು. ಗಂಗವ್ವ ಆತಿಜಾಳನ್ನು ಇದ್ದಿಲ ರಾಶಿಯ ಹಿಂದೆ ದೂಡಿ, ಮೇಲೆ ಗೋಣಿ ಎಳೆದು, ತಿದಿ ಒತ್ತತೊಡಗಿದಳು. ಮಾನಪ್ಪ ನನ್ನನ್ನು ಬೆಂಕಿಯಲ್ಲಿ ಹೂತ.

ಸವಾರರಲ್ಲೊಬ್ಬ ಒಳಗೆ ಬಂದ. "ಓಡಿಹೋದ ಗುಲಾಮಳು, ಖಾಪ್ರಿ ಹೆಂಗಸು, ಇತ್ತ ಬಂದಳೇನೋ?"

"ಇಲ್ರೀ ಧಣ್ಯಾರ."

"ಬೆಂಕಿಯಲ್ಲಿ ಏನದು? ತೆಗೆ ಹೊರಗೆ."

"ಕುಡಗೋಲು ಮಾಡಾಕತ್ತೀನ್ರೀ," ಎಂದ ಮಾನಪ್ಪ. ಇಕ್ಕಳದಲ್ಲಿ ನನ್ನನ್ನು ಎತ್ತಿದ. ಕಿರೀಟದ ಮುದ್ರೆ ಮೇಲ್ಮುಖವಾಗಿತ್ತು. ಸವಾರ ಬಗ್ಗುವ ಮುನ್ನವೇ ಮೊದಲ ಪೆಟ್ಟು ಅದರ ಮೇಲೆಯೇ ಬಿತ್ತು.

ಸವಾರ ಹೋಗಲಿಲ್ಲ. ಕೈಕಟ್ಟಿ ನಿಂತ. ಗೋಣಿಯಡಿ ಇದ್ದಿಲ ಪುಡಿಗೆ ಆತಿಜಾ ಕೆಮ್ಮಿದಳು. ಮಾನಪ್ಪ ಸುತ್ತಿಗೆ ಬೀಸಿದ, ನಾನು ಕಿರುಚಿದೆ. ಮತ್ತೆ ಕೆಮ್ಮು, ಮತ್ತೆ ಪೆಟ್ಟು. ನನ್ನ ಮೈ ಚಪ್ಪಟೆಯಾಗಿ, ನಿಜವಾಗಿಯೂ ಕುಡಗೋಲಿನಂತೆ ಬಾಗಿದ ಮೇಲೆಯೇ ಕುದುರೆಯ ಸಪ್ಪಳ ದೂರವಾದದ್ದು.

ಆತಿಜಾ ಕಾಡಿನೊಳಗೆ, ತನ್ನಂತೆಯೇ ಓಡಿಬಂದವರ ನಡುವೆ ಬದುಕಿದಳು. ಮಾನಪ್ಪ ನನ್ನನ್ನು ಅವಳ ಕೈಗೇ ಕೊಟ್ಟಿದ್ದ. ಮೊದಮೊದಲು ಮುಟ್ಟಲೂ ಹೆದರುತ್ತಿದ್ದಳು. ಆಮೇಲೆ ನನ್ನನ್ನೇ ಹಿಡಿದು ರಾಗಿ ಕೊಯ್ದಳು, ಮಗಳ ಹೊಕ್ಕುಳಬಳ್ಳಿ ಕತ್ತರಿಸಿದಳು.

ಈಗ ನಾನು ಸವೆದು, ಗುಡಿಸಲ ಹುಲ್ಲುಸೂರಿನಲ್ಲಿ ಸಿಕ್ಕಿಕೊಂಡಿದ್ದೇನೆ. ಮೊನ್ನೆ ಆತಿಜಾ ತೀರಿಕೊಂಡಳು. ಮೈ ತೊಳೆಯುವಾಗ ಮಗಳು ಕಾಲಿನ ಸುತ್ತಲ ಕಪ್ಪು ಕಲೆಯನ್ನು ಉಜ್ಜಿ ಉಜ್ಜಿ ನೋಡಿದಳು.

"ಇದು ಹೋಗವಲ್ದು," ಎಂದಳು ಪಕ್ಕದವಳಿಗೆ. "ಏನಾಗಿತ್ತಂತ ಅವ್ವ ಒಮ್ಮೆನೂ ಹೇಳ್ಲಿಲ್ಲ."

ನಾನು ಅವಳ ತಲೆಯ ಮೇಲಿನ ಸೂರಿನಲ್ಲೇ ಇದ್ದೆ.